ಚಳಿಗಾಲದ ಕಮಿನೊದಲ್ಲಿ ಬಾಗಿಲು ತೆಗೆಯುವವರು

ಸೀಸನ್ ಮುಗಿದ ಮೇಲೆ ಒಬ್ಬರೇ ಒಂದು ಯಾತ್ರೆಯ ದಾರಿ ನಡೆಯಬೇಕು ಅನ್ನುವ ಆಸೆ ಈಗ ತುಂಬಾ ಜನರಿಗಿದೆ. ಕೇಳಿದರೆ ಕೊಡುವ ಕಾರಣಗಳೂ ಹೆಚ್ಚುಕಮ್ಮಿ ಅವೇ. ಜನ ಇರಲ್ಲ, ಗಲಾಟೆ ಇರಲ್ಲ, ಹಾಸಿಗೆಗೆ ಪೈಪೋಟಿ ಇರಲ್ಲ, ಯಾರ ಹಂಗೂ ಇರಲ್ಲ. ಮೊದಲ ಮೂರು ನಿಜ. ಕೊನೆಯದನ್ನು ನಾನು ಒಪ್ಪುವುದಿಲ್ಲ. ಸ್ಪೇನಿನ ಕಮಿನೊ ದೆ ಸಾಂತಿಯಾಗೊವನ್ನು ಚಳಿಗಾಲದಲ್ಲಿ ಒಬ್ಬಳೇ ನಡೆದವಳಾಗಿ ಹೇಳುತ್ತೇನೆ, ಬೇಸಿಗೆಯ ಯಾತ್ರಿಕರಿಗಿಂತ ಚಳಿಗಾಲದವರು ಬೇರೆಯವರ ಹಂಗಿನಲ್ಲಿ ಜಾಸ್ತಿ ಇರುತ್ತಾರೆ. ಹೊರಡುವ ಮುಂಚೆ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಫ್ರಾನ್ಸಿನ ಗಡಿಯ ಸ್ಯಾಂ ಜಾನ್ ಪಿಯೆ ದ ಪೋರ್ ಅನ್ನುವ ಪುಟ್ಟ ಊರಿನಿಂದ ಹೊರಟು, ಪಿರೆನೀಸ್ ಬೆಟ್ಟ ದಾಟಿ, ಉತ್ತರ ಸ್ಪೇನನ್ನು ಪೂರ್ವದಿಂದ ಪಶ್ಚಿಮಕ್ಕೆ ಪೂರ್ತಿ ನಡೆದು ಸಾಂತಿಯಾಗೊ ದೆ ಕಂಪೊಸ್ತೆಲಾ ತಲುಪುವ ದಾರಿ ಇದು. ಸುಮಾರು 780 ಕಿ.ಮೀ. ಯೇಸುವಿನ ಶಿಷ್ಯ ಯಾಕೋಬನ ಸಮಾಧಿ ಅಲ್ಲಿನ ಕ್ಯಾಥೆಡ್ರಲ್‌ನಲ್ಲಿದೆ ಅನ್ನುವುದು ನಂಬಿಕೆ. ಬೇರೆ ಕಡೆಯಿಂದಲೂ ದಾರಿಗಳಿವೆ, ಆದರೆ ಹೆಚ್ಚು ಜನ ನಡೆಯುವುದು ಈ ಫ್ರೆಂಚ್ ದಾರಿಯನ್ನೇ. 2024ರಲ್ಲಿ ಎಲ್ಲ ದಾರಿಗಳೂ ಸೇರಿ ಐದು ಲಕ್ಷದ ಹತ್ತಿರ ಜನ ಸಾಂತಿಯಾಗೊದ ಯಾತ್ರಿಕರ ಕಚೇರಿಗೆ ಬಂದು ಹೆಸರು ಬರೆಸಿದರು. ಜನವರಿಯ ಇಡೀ ತಿಂಗಳಲ್ಲಿ ಅಲ್ಲಿಗೆ ಬರುವವರು, ಆಗಸ್ಟಿನ ಒಂದೆರಡು ದಿನದಲ್ಲಿ ಬರುವಷ್ಟು ಜನ ಅಷ್ಟೇ.

ಹಾಗಾಗಿ ದಾರಿ ಖಾಲಿ ಇರುತ್ತದೆ, ಅದು ಹೌದು. ಆದರೆ ಖಾಲಿ ಅಂದರೆ ಮುಚ್ಚಿದ್ದು ಅಂತಲೂ ಅರ್ಥ. ಊರಿಗೆ ಊರೇ ಬಾಗಿಲು ಹಾಕಿಕೊಂಡಿರುತ್ತದೆ. ಬೇಸಿಗೆಯಲ್ಲಿ ಐದಾರು ಕಿಲೋಮೀಟರಿಗೊಂದು ಕಾಫಿ ಬಾರ್ ಸಿಗುವ ಕಡೆ, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಸರಪಳಿ ಹಾಕಿರುತ್ತಾರೆ. ಯಾತ್ರಿಕರು ಉಳಿಯುವ ಅಲ್ಬೆರ್ಗೆಗಳಲ್ಲಿ ಎಷ್ಟೋ ನವೆಂಬರ್‌ಗೆ ಮುಚ್ಚಿದರೆ ತೆರೆಯುವುದು ಈಸ್ಟರ್ ಹೊತ್ತಿಗೆ. ಹಗಲು ಕೂಡ ಚಿಕ್ಕದು. ಸ್ಪೇನಿನ ಗಡಿಯಾರ ಮಧ್ಯ ಯುರೋಪಿನ ಸಮಯದಲ್ಲಿ ನಡೆಯುವುದರಿಂದ, ಪಶ್ಚಿಮದ ತುದಿಯ ಗಲಿಸಿಯಾದಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದೇ ಬೆಳಿಗ್ಗೆ ಒಂಬತ್ತರ ಹೊತ್ತಿಗೆ. ಸಂಜೆ ಆರಕ್ಕೆಲ್ಲ ಮುಳುಗಿರುತ್ತಾನೆ. ಬೇಸಿಗೆಯವರು ಬಿಸಿಲಿಗೆ ಹೆದರಿ ಕತ್ತಲಲ್ಲೇ ಹೊರಡುತ್ತಾರೆ. ಚಳಿಗಾಲದಲ್ಲಿ ಬೆಳಕಿಗೆ ಕಾಯಬೇಕು, ಕತ್ತಲಾಗುವುದರೊಳಗೆ ತೆರೆದ ಬಾಗಿಲೊಂದನ್ನು ಸೇರಿಕೊಳ್ಳಬೇಕು. ನಾಳೆ ಎಲ್ಲಿ ನಿಲ್ಲುವುದು ಅನ್ನುವುದನ್ನು ನಮ್ಮ ಕಾಲು ತೀರ್ಮಾನಿಸುವುದಿಲ್ಲ, ಯಾವ ಊರಿನಲ್ಲಿ ಯಾರು ಬಾಗಿಲು ತೆಗೆದಿದ್ದಾರೆ ಅನ್ನುವುದು ತೀರ್ಮಾನಿಸುತ್ತದೆ.

ಹಂಗಿನ ಮಾತು ಅಲ್ಲಿಂದ ಶುರು. ಚಳಿಗಾಲದಲ್ಲಿ ಅಲ್ಬೆರ್ಗೆ ತೆರೆದಿಡುವುದು ಲಾಭದ ಕೆಲಸವಲ್ಲ. ಇಪ್ಪತ್ತು ಮೂವತ್ತು ಹಾಸಿಗೆಯ ಮನೆಯಲ್ಲಿ ಒಂದು ರಾತ್ರಿಗೆ ಇಬ್ಬರು, ಕೆಲವು ರಾತ್ರಿ ಒಬ್ಬರು. ಗಲಿಸಿಯಾ ಸರ್ಕಾರದ ಅಲ್ಬೆರ್ಗೆಯಲ್ಲಿ ಹಾಸಿಗೆಗೆ 10 ಯೂರೋ. ಕೆಲವು ಕಡೆ ದರವೇ ಇಲ್ಲ, ಬಾಗಿಲ ಹತ್ತಿರದ ಡಬ್ಬಿಗೆ ನಿಮಗೆ ತೋಚಿದ್ದು ಹಾಕಬೇಕು. ಆ ದುಡ್ಡಿನಲ್ಲಿ ಒಂದು ರಾತ್ರಿಯ ಹೀಟರ್ ಖರ್ಚೂ ಹುಟ್ಟಲಿಕ್ಕಿಲ್ಲ. ಆದರೂ ಅವರು ತೆರೆದಿಡುತ್ತಾರೆ. ನಾನು ಉಳಿದ ಒಂದು ಮನೆಯಲ್ಲಿ, ನೋಡಿಕೊಳ್ಳುವ ಅಮ್ಮ ನನಗೆ ಮೊದಲು ಕೇಳಿದ್ದು ಪಾಸ್‌ಪೋರ್ಟ್ ಅಲ್ಲ. ನಾಳೆ ಎಲ್ಲಿಯವರೆಗೆ ಹೋಗ್ತೀಯ ಅಂತ. ಊರಿನ ಹೆಸರು ಹೇಳಿದೆ. ಅಲ್ಲೇ ನಿಂತು ಆ ಊರಿಗೆ ಫೋನ್ ಮಾಡಿದರು. ತೆರೆದಿಲ್ಲ. ಅದರ ಹಿಂದಿನ ಊರಿಗೆ ಮಾಡಿದರು, ಸಿಕ್ಕಿತು. ನಾಳೆ ಒಬ್ಬಳು ಬರ್ತಾಳೆ, ಭಾರತದವಳು, ಮಾಂಸ ತಿನ್ನಲ್ಲ ಅಂತ ಹೇಳಿ ಇಟ್ಟರು. ಮರುದಿನ ಅಲ್ಲಿ ಹೋದಾಗ ನನಗೆ ಬೇಳೆಯ ಸೂಪ್ ಬೇಯುತ್ತಿತ್ತು. ಸ್ಪೇನಿನ ಆ ಭಾಗದಲ್ಲಿ ಬೇಳೆಯ ಜೊತೆ ಮಾಂಸದ ಸಾಸೇಜ್ ಹಾಕುವುದೇ ರೂಢಿ. ನನಗಾಗಿ ಬಿಟ್ಟಿದ್ದರು. ನಾನು ಕೇಳಿಯೇ ಇರಲಿಲ್ಲ.

ಇಂಥದ್ದು ಆಗಸ್ಟಿನಲ್ಲಿ ನಡೆಯುತ್ತದಾ? ನಡೆಯುವುದು ಕಷ್ಟ. ಅವರು ಕೆಟ್ಟವರಾಗುತ್ತಾರೆ ಅಂತ ಅಲ್ಲ, ನೂರು ಜನ ಸಾಲಿನಲ್ಲಿ ನಿಂತಿರುವಾಗ ಒಬ್ಬರ ನಾಳೆಯ ಬಗ್ಗೆ ಯೋಚಿಸುವುದಕ್ಕೆ ಪುರುಸೊತ್ತು ಎಲ್ಲಿಂದ ಬರಬೇಕು?

ಈಗ ಬೆಟ್ಟದ ವಿಷಯ. ಇಲ್ಲಿ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಪಿರೆನೀಸ್ ದಾಟಲು ಎರಡು ದಾರಿ. ನೆಪೋಲಿಯನ್ ದಾರಿ ಅನ್ನುವ ಎತ್ತರದ್ದು ಸುಮಾರು 1430 ಮೀಟರ್‌ವರೆಗೆ ಏರುತ್ತದೆ. ಇನ್ನೊಂದು ವಾಲ್ಕಾರ್ಲೊಸ್ ಕಣಿವೆಯ ದಾರಿ, ಬಹುಪಾಲು ಟಾರ್ ರಸ್ತೆಯ ಆಸುಪಾಸಿನಲ್ಲೇ ಹೋಗುತ್ತದೆ. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಎತ್ತರದ ದಾರಿ ಬಂದ್. ನವಾರ್ರಾ ಪ್ರಾಂತ್ಯದ ಸರ್ಕಾರವೇ ಮುಚ್ಚುತ್ತದೆ, ಮೀರಿದರೆ ದಂಡ ಬೀಳಬಹುದು. ಆದರೂ ಪ್ರತಿ ಚಳಿಗಾಲದಲ್ಲೂ ಯಾರಾದರೂ ಒಬ್ಬರು, ಇವತ್ತು ಆಕಾಶ ಚೆನ್ನಾಗಿದೆ, ನಾನು ನೋಡ್ಕೋತೀನಿ ಅಂತ ಹತ್ತುತ್ತಾರೆ. ಮೇಲೆ ಮಂಜು ಕವಿದರೆ ಮಾರ್ಗದ ಗುರುತು ಕಾಣುವುದಿಲ್ಲ. ಹಿಮ ಬಿದ್ದರೆ ದಾರಿಯೇ ಕಾಣುವುದಿಲ್ಲ. ಆಮೇಲೆ ಅವರನ್ನು ಹುಡುಕಲು ಹೋಗುವವರು ಯಾರು? ತಮ್ಮ ಜೀವವನ್ನು ಅಪಾಯಕ್ಕೆ ಒಡ್ಡಿ ರಾತ್ರಿ ಹೊತ್ತು ಬೆಟ್ಟ ಹತ್ತುವ ರಕ್ಷಣಾ ತಂಡದವರು. ಒಬ್ಬಳೇ ನಡೆಯುವುದು ನನ್ನ ಇಷ್ಟ, ಸರಿ. ನನ್ನ ಇಷ್ಟಕ್ಕೆ ಇನ್ಯಾರದೋ ಜೀವ ಪಣಕ್ಕಿಡುವ ಹಕ್ಕು ನನಗಿಲ್ಲ. ರಸ್ತೆಯ ಪಕ್ಕ ನಡೆದರೆ ಯಾತ್ರೆ ಕಮ್ಮಿಯಾಗುವುದಿಲ್ಲ. ಹೊಳೆಯುವ ಜಾಕೆಟ್ ಹಾಕಿಕೊಂಡು, ಎದುರು ಬರುವ ಗಾಡಿ ಕಾಣುವ ಹಾಗೆ ಎಡಗಡೆ ನಡೆಯಿರಿ. ಅಲ್ಲಿ ವಾಹನ ಬಲಗಡೆ ಓಡುತ್ತದೆ, ಅದು ನೆನಪಿರಲಿ.

ವಾಲ್ಕಾರ್ಲೊಸ್‌ನಿಂದ ಹತ್ತಿದ ಮೇಲೆ ಸಿಗುವ ಇಬಾನ್ಯೆತಾ ಕಣಿವೆಬಾಯಲ್ಲಿ ಒಂದು ಚಿಕ್ಕ ಪ್ರಾರ್ಥನಾ ಮಂದಿರವಿದೆ. ಹಿಂದಿನ ಕಾಲದಲ್ಲಿ ಅಲ್ಲಿ ಮಂಜು ಮುಸುಕಿದಾಗ ಗಂಟೆ ಬಾರಿಸುತ್ತಿದ್ದರಂತೆ, ದಾರಿ ತಪ್ಪಿದ ಯಾತ್ರಿಕರು ಆ ಶಬ್ದ ಹಿಡಿದು ಬರಲಿ ಅಂತ. ಅಲ್ಲಿಂದ ಇಳಿದರೆ ರೊನ್ಸೆಸ್‌ವಾಯೆಸ್. ಹನ್ನೆರಡನೇ ಶತಮಾನದಿಂದ ಯಾತ್ರಿಕರನ್ನು ನೋಡಿಕೊಂಡು ಬಂದ ಜಾಗ, ಈಗಲೂ ಚಳಿಗಾಲದಲ್ಲೂ ತೆರೆದಿರುತ್ತದೆ. ಇನ್ನೂ ಮುಂದೆ ಹೋದರೆ ಸಾಂತೊ ದೊಮಿಂಗೊ ದೆ ಲಾ ಕಲ್ಸಾದಾ ಅನ್ನುವ ಊರು. ಆ ಹೆಸರಿನ ಸಂತ 1109ರಲ್ಲಿ ತೀರಿಕೊಂಡವರು. ಯಾತ್ರಿಕರಿಗಾಗಿ ಸೇತುವೆ ಕಟ್ಟಿದರು, ರಸ್ತೆ ಮಾಡಿದರು. ಊರು ಬೆಳೆದದ್ದೇ ಅದರ ಸುತ್ತ. ಈಗ ದಾರಿಯುದ್ದಕ್ಕೂ ಕಾಣುವ ಹಳದಿ ಬಾಣಗಳಿವೆಯಲ್ಲ, ಅವೂ ಒಬ್ಬರ ಕೆಲಸದಿಂದ ಶುರುವಾದದ್ದು. ಒ ಸೆಬ್ರೆಯ್ರೊ ಬೆಟ್ಟದ ಊರಿನ ಪಾದ್ರಿ ಎಲಿಯಾಸ್ ವಲಿನ್ಯಾ, 1980ರ ದಶಕದಲ್ಲಿ ಹಳದಿ ಬಣ್ಣದ ಡಬ್ಬ ಹಿಡಿದು ಬಾಣ ಬರೆಯುತ್ತಾ ಹೋದರು. ಆಗ ವರ್ಷಕ್ಕೆ ಸಾಂತಿಯಾಗೊ ತಲುಪುತ್ತಿದ್ದವರೇ ಕೆಲವು ನೂರರಿಂದ ಕೆಲವು ಸಾವಿರ. ಯಾರೂ ಬರದ ದಾರಿಗೆ ಅವರು ಗುರುತು ಹಾಕಿದರು. ಬಾಣದ ಮೇಲಿನ ಹಿಮವನ್ನು ಗ್ಲೌಸಿನಿಂದ ಒರೆಸಿ ನೋಡುವಾಗಲೆಲ್ಲ ನನಗೆ ಅವರ ನೆನಪಾಗುತ್ತಿತ್ತು. ನಾನು ಕ್ರಿಶ್ಚಿಯನ್ ಅಲ್ಲ. ಆದರೂ ಅವರಿಗೆ ಮನಸಾರೆ ಕೈ ಮುಗಿದಿದ್ದೇನೆ.

ಹಾಗಾದರೆ ಏಕಾಂತ ಸಿಗುವುದೇ ಇಲ್ಲವಾ? ಸಿಗುತ್ತದೆ, ಬೇಕಾದಷ್ಟು. ಬುರ್ಗೊಸ್‌ನಿಂದ ಲೆಯೊನ್‌ವರೆಗಿನ ಮೆಸೆತಾ ಬಯಲಲ್ಲಿ ದಿನವಿಡೀ ಒಬ್ಬ ಮನುಷ್ಯನೂ ಕಾಣದೆ ನಡೆದಿದ್ದೇನೆ. ಕಾರ್ರಿಯೊನ್ ದಾಟಿದ ಮೇಲೆ ಸುಮಾರು 17 ಕಿ.ಮೀ. ಒಂದು ಊರೂ ಇಲ್ಲ. ಉತ್ತ ಹೊಲ, ಗಾಳಿ, ನೆಟ್ಟಗಿನ ದಾರಿ ಅಷ್ಟೇ. ಮೊದಮೊದಲು ತಲೆಯೊಳಗಿನ ಮಾತು ನಿಲ್ಲುವುದೇ ಇಲ್ಲ. ಹಳೇ ಜಗಳ, ಹಳೇ ಉತ್ತರ, ಸುಮ್ನೆ ಸುತ್ತುತ್ತಲೇ ಇರುತ್ತವೆ. ಒಂದು ಹೊತ್ತಿಗೆ ಅದೂ ಸಾಕಾಗಿ ನಿಲ್ಲುತ್ತದೆ. ಆ ಸಮಾಧಾನ ನನಗೆ ತುಂಬಾ ದೊಡ್ಡದು. ಆದರೆ ಸಂಜೆ ಅಡುಗೆಮನೆಯಲ್ಲಿ ಅವೇ ಮೂರು ನಾಲ್ಕು ಮುಖಗಳು. ತೆರೆದಿರುವುದೇ ಒಂದು ಮನೆ ಆದಾಗ ಎಲ್ಲರೂ ಅಲ್ಲಿಗೇ ಬರಬೇಕಲ್ವಾ? ಇಷ್ಟವಾದರೂ ಆಗದಿದ್ದರೂ ಅವರ ಜೊತೆಯೇ ಊಟ, ಅವರ ಒದ್ದೆ ಸಾಕ್ಸಿನ ಪಕ್ಕವೇ ನಮ್ಮದು. ಯಾರಾದರೂ ಒಬ್ಬರು ಕತ್ತಲಾದರೂ ಬರದಿದ್ದರೆ ಮಿಕ್ಕವರು ಫೋನ್ ಮಾಡುತ್ತಾರೆ. ಬೇಸಿಗೆಯಲ್ಲಿ ನೀವು ಬಂದಿಲ್ಲ ಅನ್ನುವುದು ಯಾರ ಗಮನಕ್ಕೂ ಬರಲಿಕ್ಕಿಲ್ಲ.

ಹೆಂಗಸರು ಒಬ್ಬರೇ ಹೋಗಬಹುದಾ ಅಂತ ಮೆಸೇಜಿನಲ್ಲಿ ಕೇಳುವವರು ಜಾಸ್ತಿ. ಹೋಗಬಹುದು ಅಂತಲೇ ನನ್ನ ಉತ್ತರ. ಹೆದರಿಕೆಯೇ ಆಗಲ್ಲ ಅಂತ ಮಾತ್ರ ಹೇಳಲಾರೆ. ನಿರ್ಜನ ದಾರಿಯಲ್ಲಿ ಹಿಂದೆ ಹೆಜ್ಜೆ ಕೇಳಿಸಿದರೆ ಎದೆ ಹೊಡೆದುಕೊಳ್ಳುತ್ತದೆ. ತುರ್ತು ನಂಬರ್ 112. ಸ್ಪೇನಿನ ಪೊಲೀಸರ ಅಲರ್ಟ್‌ಕಾಪ್ಸ್ ಅನ್ನುವ ಆ್ಯಪ್ ಇದೆ, ಇರುವ ಜಾಗದ ಸಮೇತ ಅವರಿಗೆ ಸುದ್ದಿ ಕಳಿಸಬಹುದು. ಫೋನಿಗೆ ಹಾಕಿಕೊಳ್ಳಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿಡಿ. ಒಂದು ದಿನಕ್ಕಾಗುವ ತಿಂಡಿ ಯಾವಾಗಲೂ ಬ್ಯಾಗಿನಲ್ಲಿರಲಿ.

ದುಡ್ಡಿನ ವಿಷಯವೂ ಹೇಳಿಬಿಡುತ್ತೇನೆ. ಆಫ್ ಸೀಸನ್ ಅಂದರೆ ಅಗ್ಗ ಅಂತ ಲೆಕ್ಕ ಹಾಕಿ ಹೋಗುವುದು ನನಗೆ ಇಷ್ಟವಿಲ್ಲ. ಡಬ್ಬಿ ಇಟ್ಟಿರುವ ಕಡೆ ಬೇಸಿಗೆಯವರಿಗಿಂತ ಜಾಸ್ತಿ ಹಾಕಿ. ನಿಮ್ಮೊಬ್ಬರಿಗಾಗಿ ಇಡೀ ಮನೆ ಬಿಸಿ ಮಾಡಿದ್ದಾರೆ. ಕೈಯಲ್ಲಿ ದುಡ್ಡಿಲ್ಲದವರ ಮಾತು ಬೇರೆ, ಆ ಡಬ್ಬಿ ಇರುವುದೇ ಅವರಿಗಾಗಿ. ವಿಮಾನದ ಟಿಕೆಟ್‌ಗೆ ದುಡ್ಡಿದ್ದ ನಾವು ಆ ಸಾಲಿನಲ್ಲಿ ಬರುವುದಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಯಾವ ಅಲ್ಬೆರ್ಗೆ ಚಳಿಗಾಲದಲ್ಲಿ ತೆರೆದಿರುತ್ತದೆ ಅನ್ನುವ ಪಟ್ಟಿ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಪಟ್ಟಿ ನಂಬಿ ಸುಮ್ಮನಿರಬೇಡಿ, ಹಿಂದಿನ ದಿನವೇ ಫೋನ್ ಮಾಡಿ. ಬರ್ತೀನಿ ಅಂತ ಹೇಳಿ, ಆಮೇಲೆ ಕಾಲು ನೋವಂತಲೋ ಮಳೆ ಅಂತಲೋ ಹಿಂದಿನ ಊರಿನಲ್ಲೇ ನಿಂತರೆ ಅದನ್ನೂ ಫೋನ್ ಮಾಡಿ ಹೇಳಿ. ಬರದೇ ಇದ್ದವರನ್ನು ಹುಡುಕಿಕೊಂಡು ಕಾರು ತೆಗೆದು ಹೊರಟವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೊರಗೆ ಹಿಮ ಬೀಳುತ್ತಿತ್ತು. ಬರಬೇಕಿದ್ದ ಹುಡುಗ ಹಿಂದಿನ ಊರಿನಲ್ಲೇ ಆರಾಮಾಗಿ ರೂಮ್ ಮಾಡಿಕೊಂಡಿದ್ದ. ಸ್ಪ್ಯಾನಿಷ್ ಬರಲ್ಲ ಅಂದರೆ ಉಳಿದುಕೊಂಡ ಕಡೆಯವರಿಂದಲೇ ಫೋನ್ ಮಾಡಿಸಿ, ಯಾರೂ ಇಲ್ಲ ಅನ್ನುವುದಿಲ್ಲ.