ಜೇಬಿಲ್ಲದವರ ಬ್ಯಾಗು, ಊರವರ ಸಾಮಾನು

ಹೊರಗೆ ಹೊರಟರೆ ಸಾಕು, "ಇದನ್ನ ನಿನ್ನ ಬ್ಯಾಗಲ್ಲಿ ಇಟ್ಕೋ" ಶುರು. ಯಜಮಾನರ ಕನ್ನಡಕ, ಮಗನ ನೀರಿನ ಬಾಟಲಿ, ಅತ್ತೆಯ ಮಾತ್ರೆ, ಮದುವೆಮನೆಯ ತಾಂಬೂಲದ ತೆಂಗಿನಕಾಯಿ ಕೂಡ. ಎಲ್ಲ ತುಂಬಿಸಿದ ಮೇಲೆ "ಅಬ್ಬಾ, ಏನ್ ಭಾರ! ಏನೇನು ತುಂಬ್ಕೊಂಡಿದ್ದೀಯ?" ಅಂತ ನಗು ಬೇರೆ. ಪ್ಯಾಂಟಿಗೆ ನಾಲ್ಕು ಜೇಬು, ಶರ್ಟಿಗೊಂದು ಇರುವವರ ಮಾತಿದು!

18ನೇ ಶತಮಾನದ ಇಂಗ್ಲೆಂಡಿನ ಹೆಂಗಸರು ಲಂಗದೊಳಗೆ ಸೊಂಟಕ್ಕೆ ದೊಡ್ಡ ಜೇಬುಗಳನ್ನೇ ಕಟ್ಟಿಕೊಳ್ಳುತ್ತಿದ್ದರು. ಆ ಶತಮಾನದ ಕೊನೆಗೆ ತೆಳು ಗೌನುಗಳ ಫ್ಯಾಶನ್ ಬಂತು. ಜೇಬು ಉಬ್ಬಿ ಕಾಣಿಸುತ್ತದಲ್ಲ, ಅದಕ್ಕೇ ಹೋಯಿತು. ಕೈಗೆ ಬಂದದ್ದು ರೆಟಿಕ್ಯೂಲ್ ಅನ್ನುವ ಪುಟಾಣಿ ಚೀಲ. 1955ರಲ್ಲಿ ಫ್ರಾನ್ಸಿನ ಫ್ಯಾಶನ್ ವಿನ್ಯಾಸಕಿ ಕೊಕೊ ಶನೆಲ್ ತಮ್ಮ '2.55' ಅನ್ನುವ ಹೆಸರಿನ ಬ್ಯಾಗಿಗೆ ಉದ್ದ ಸರಪಳಿ ಹಾಕಿ ಭುಜಕ್ಕೇರಿಸಿದರು. ಕೈ ಖಾಲಿಯಾಯಿತು, ನಿಜ. ಹೆಗಲು ಹಿಡಿದುಕೊಂಡಿತು!

ನಮ್ಮ ಅಜ್ಜಿಯರೇ ಜಾಣೆಯರು. ಸೊಂಟದಲ್ಲೊಂದು ಎಲೆಅಡಿಕೆ ಸಂಚಿ. ಒಂದು ಮಡಿಕೆಯಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆ, ಸುಣ್ಣದ ಡಬ್ಬಿ, ತೀರಾ ಒಳಗೆ ಸಣ್ಣಗೆ ಮಡಚಿದ ನೋಟು. ಅದರೊಳಗೆ ಕೈ ಹಾಕುವ ಧೈರ್ಯ ತಾತನಿಗೂ ಇರಲಿಲ್ಲ.

ಈಗ? ಜೇಬಿದೆ ಅಂತ ಆಸೆಯಿಂದ ಕುರ್ತಾ ತಗೊಂಡರೆ ಮೊಬೈಲ್ ಅರ್ಧ ಹೊರಗೇ ನಿಲ್ಲುತ್ತದೆ. ಕೆಲವು ಜೀನ್ಸಿನಲ್ಲಂತೂ ಸುಮ್ನೆ ಹೊಲಿಗೆ ಅಷ್ಟೇ, ಬೆರಳೂ ಹೋಗುವುದಿಲ್ಲ. ಟೈಲರ್ ಹತ್ತಿರ ಜೇಬು ಇಡಿ ಅಂದರೆ "ಶೇಪ್ ಹಾಳಾಗುತ್ತೆ ಮೇಡಂ" ಅನ್ನುತ್ತಾರೆ. ಬಟ್ಟೆ ನನ್ನದು, ಕೂಲಿ ಕೊಡುವವಳು ನಾನು, ಶೇಪಿನ ಚಿಂತೆ ಇವರಿಗ್ಯಾಕೆ?