ಬೆಟಗೇರಿಯ ಸಂಜೆ, ಕ್ಯಾಲ್ಗರಿಯ ಐವತ್ತು ನಿಮಿಷ

ಕೆನಡಾದ ಕ್ಯಾಲ್ಗರಿಯಲ್ಲಿ ಮಕ್ಕಳಿಗೆ ಐಸ್ ಹಾಕಿ ಕಲಿಸುತ್ತೇನೆ ಎಂದರೆ ಗದಗಿನ ಗೆಳೆಯರು, ಐಸ್ ಹಾಕಿ ಏನು ಕೊಡುತ್ತೀ, ಸೋಡಾವೋ ಶರಬತ್ತೋ ಎಂದು ಕೇಳುತ್ತಾರೆ. ಕೇಳಲಿ. ನಾನು ಸ್ಕೇಟ್ ಕಟ್ಟಿದ್ದೇ ಮೂವತ್ತೈದು ದಾಟಿದ ಮೇಲೆ. ಈಗಲೂ ನಿಲ್ಲುವುದಕ್ಕಿಂತ ಬೀಳುವುದೇ ಸಲೀಸು. ತಂಡದಲ್ಲಿ ನಾನು ಸಹಾಯಕ ಮಾತ್ರ. ಆದರೆ ಬೆಟಗೇರಿಯ ಮೈದಾನದಲ್ಲಿ ಹಾಕಿ ಕೋಲು ಹಿಡಿದು ಬೆಳೆದವನಾದ್ದರಿಂದ ಎರಡೂ ಕಡೆಯ ತಾಲೀಮನ್ನು ತೂಗಿ ನೋಡುವ ಚಟ ಬಿಟ್ಟಿಲ್ಲ.

ಇಲ್ಲಿ ರಿಂಕ್, ಅಂದರೆ ಐಸ್ ಮೈದಾನ, ಸಿಗುವುದು ತಾಸಿನ ಬಾಡಿಗೆಗೆ. ಅದರಲ್ಲಿ ಹತ್ತು ನಿಮಿಷ ಐಸ್ ನುಣುಪು ಮಾಡುವ ಝಾಂಬೋನಿ ಯಂತ್ರಕ್ಕೆ ಹೋದರೆ ಉಳಿಯುವುದು ಐವತ್ತು. ಹಾಗಾಗಿ ತಾಲೀಮು ಶುರುವಾಗುವುದು ಬಟ್ಟೆ ಬದಲಿಸುವ ಕೋಣೆಯಲ್ಲಿ. ಮಕ್ಕಳು ಲೇಸ್ ಬಿಗಿಯುತ್ತಿರುವಾಗಲೇ ಮುಖ್ಯ ಕೋಚ್ ಬಿಳಿ ಹಲಗೆಯ ಮೇಲೆ ಗೆರೆ ಎಳೆದು ಎಲ್ಲವನ್ನೂ ತೋರಿಸಿಬಿಡುತ್ತಾರೆ. ಐಸ್ ಮೇಲೆ ಇಳಿದ ಮೇಲೆ ಭಾಷಣವಿಲ್ಲ; ಹೆಲ್ಮೆಟ್ ಒಳಗಿನ ಕಿವಿಗೆ ಅದು ಅರ್ಧವೂ ಮುಟ್ಟುವುದಿಲ್ಲ. ಮಾತನಾಡಲೇಬೇಕಾದಾಗ ಅವರು ತಾವು ಪ್ರೇಕ್ಷಕರ ಗಾಜಿನ ಕಡೆ ಮುಖ ಮಾಡುತ್ತಾರೆ, ಮಕ್ಕಳ ಬೆನ್ನು ಅತ್ತ ಇರುತ್ತದೆ. ಅಮ್ಮ ಮೊಬೈಲ್ ಎತ್ತಿ ಫೋಟೊ ತೆಗೆಯುವುದು ಹುಡುಗನಿಗೆ ಕಾಣಿಸಬಾರದು. ಇಷ್ಟು ಸಣ್ಣ ಜಾಣತನ ನನ್ನ ಕಣ್ಣಿಗೆ ಬೀಳಲು ಎರಡು ಚಳಿಗಾಲ ಬೇಕಾಯಿತು.

ಉಳಿದ ಗುಟ್ಟೆಲ್ಲ ಸಾಲಿನ ಲೆಕ್ಕದಲ್ಲಿದೆ. 15 ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತಲೆಗೆ 20 ಸೆಕೆಂಡು ಕೊಟ್ಟರೆ ಸರದಿ ತಿರುಗಿ ಬರಲು 5 ನಿಮಿಷ. ಹತ್ತು ನಿಮಿಷದಲ್ಲಿ ಮಗು ಎರಡು ಸಲ ಪಕ್ (ಚೆಂಡಿನ ಬದಲಿಗೆ ಇರುವ ರಬ್ಬರ್ ಬಿಲ್ಲೆ) ಆಡಿರುತ್ತದೆ, ಉಳಿದ ಹೊತ್ತು ಮುಂದಿನವನ ಬೆನ್ನನ್ನು ಕೋಲಿನಿಂದ ತಿವಿದಿರುತ್ತದೆ. ಅವರನ್ನೇ ಐವರಂತೆ ಮೂರು ಗುಂಪು ಮಾಡಿ ರಿಂಕಿನ ಮೂರು ಭಾಗಕ್ಕೆ ಹಂಚಿದರೆ ಅದೇ ಹತ್ತು ನಿಮಿಷದಲ್ಲಿ ಆರು ಸಲ. ಆಮೇಲೆ 200 ಅಡಿ ಉದ್ದವನ್ನು ಬಿಟ್ಟು 85 ಅಡಿ ಅಗಲಕ್ಕೆ ಅಡ್ಡಲಾಗಿ ಎರಡು ಗೋಲುಪೆಟ್ಟಿಗೆ ಇಟ್ಟು ಮೂವರೆದುರು ಮೂವರನ್ನು ಬಿಡುತ್ತಾರೆ. ಪಂದ್ಯದಲ್ಲಿ ಆಟಗಾರ ಒಮ್ಮೆಗೆ ಐಸ್ ಮೇಲಿರುವುದು ಸುಮಾರು ಮುಕ್ಕಾಲು ನಿಮಿಷ. ಇಲ್ಲಿಯೂ ಅಷ್ಟಕ್ಕೆ ಸೀಟಿ, ಹೊಸ ಮೂವರು ಒಳಗೆ. ಇಕ್ಕಟ್ಟಿನಲ್ಲಿ ತಲೆ ಎತ್ತಿ ನೋಡದೆ ಗತಿಯಿಲ್ಲ.

ಬೆಟಗೇರಿಯಲ್ಲಿ ನಮ್ಮ ಮಾಸ್ತರರ ಹತ್ತಿರ ಹೊತ್ತೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ. ಇಪ್ಪತ್ತೈದು ಹುಡುಗರು, ಮೂರು ಚೆಂಡು. ಮೊದಲು ಮೈದಾನಕ್ಕೆ ಹತ್ತು ಸುತ್ತು, ಆಮೇಲೆ ಸಾಲು, ಒಬ್ಬ ತಪ್ಪಿದರೆ ಎಲ್ಲರಿಗೂ ಬೈಗುಳ. ಬೈಗುಳದಲ್ಲೇ ಕಾಲು ತಾಸು ಕಳೆಯುತ್ತಿತ್ತು. ಅವರನ್ನು ನೆನೆದರೆ ಇಂದಿಗೂ ಕೈ ಮುಗಿಯುತ್ತೇನೆ, ಆದರೆ ಆ ಸಾಲು ತಪ್ಪೇ. ಮೂರು ಚೆಂಡಿಗೆ ಮೂರು ಗುಂಪು ಮಾಡಬಹುದಿತ್ತು.

ಕಳೆದ ಸಲ ಊರಿಗೆ ಹೋದಾಗ, ಈಗ ಹುಡುಗರಿಗೆ ಕಲಿಸುತ್ತಿರುವ ಹಳೆಯ ಜೊತೆಗಾರನಿಗೆ ಇದನ್ನೆಲ್ಲ ವಿವರಿಸಿದೆ. ಮಿರ್ಚಿ ಕಚ್ಚುತ್ತ ಕೇಳಿ, "ಅಲ್ಲಿ ನಿಮಗೆ ಗಡಿಯಾರವೇ ಬಾಡಿಗೆಗೆ. ಇಲ್ಲಿ ಸೂರ್ಯ ಪುಕ್ಕಟೆ, ದೋಸ್ತ" ಎಂದ. ಆದರೂ ಮರುದಿನ ಚಪ್ಪಲಿಗಳನ್ನು ಗುರುತಿಗೆ ಇಟ್ಟು ಮೈದಾನವನ್ನು ಮೂರು ಪಾಲು ಮಾಡಿದ. ಹುಡುಗರು ಏದುಸಿರು ಬಿಡುವುದನ್ನು ನೋಡಿ ತಾನೇ ಸೀಟಿ ಊದಿ ನೀರು ಕುಡಿಸಿದ.

ಅವನ ಮಾತು ಮಾತ್ರ ನನ್ನ ಜೊತೆ ವಿಮಾನ ಹತ್ತಿತು. ಮಾಸ್ತರರು ಮನೆಗೆ ಹೋದ ಮೇಲೆ ಚೆಂಡು ಕಾಣದಾಗುವವರೆಗೆ ನಾವೇ ಆಡುತ್ತಿದ್ದೆವಲ್ಲ, ಎದುರಾಳಿಯನ್ನು ಯಾಮಾರಿಸುವುದನ್ನು ನಾನು ಕಲಿತದ್ದು ಆ ಮಬ್ಬಿನಲ್ಲಿ. ಹೆಪ್ಪುಗಟ್ಟಿದ ಕೆರೆಯ ಮೇಲೆ ಹಾಗೆ ಆಡಿ ಬೆಳೆದವರು ಇಲ್ಲಿಯೂ ಇದ್ದಾರೆ; ನಮ್ಮ ತಂಡದ ಮಕ್ಕಳಿಗೆ ಅದು ಅಜ್ಜನ ಕಥೆ. ಕೊನೆಯ ಎಂಟು ನಿಮಿಷ ನನಗೆ ಕೊಡಿ, ಹಲಗೆಯ ಮೇಲೆ ಏನೂ ಬರೆಯಬೇಡಿ ಎಂದು ಮುಖ್ಯ ಕೋಚನ್ನು ಕೇಳಿದೆ. ಹುಬ್ಬೇರಿಸಿದರು, ಕೊಟ್ಟರು.

ನಾಲ್ಕು ಪಕ್ ಚೆಲ್ಲಿ ಸೀಟಿಯನ್ನು ಜೇಬಿಗೆ ಹಾಕಿಕೊಂಡೆ. ಮಕ್ಕಳು ನನ್ನ ಮುಖ ನೋಡುತ್ತ ನಿಂತರು, ಮುಂದೇನು ಎಂದು. ನಾನು ಭುಜ ಕುಣಿಸಿದೆ. ಒಬ್ಬಳು ಒಂದು ಪಕ್ ಕದ್ದು ಓಡಿದಳು, ಮಿಕ್ಕವರು ಬೆನ್ನಟ್ಟಿದರು. ಝಾಂಬೋನಿಯ ಬಾಗಿಲು ತೆರೆದಾಗ ಒಬ್ಬರೂ ಹೊರಗೆ ಬರಲಿಲ್ಲ. ಚಾಲಕ ಎರಡು ಸಲ ಹಾರ್ನ್ ಹೊಡೆಯಬೇಕಾಯಿತು.