ಪಿಕಪ್ ನೋಡಿ ಸಾರ್

ಬೆಂಗಳೂರಿನಲ್ಲಿ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಆದರೂ ಗಾಡಿ ಕೊಳ್ಳುವವರು ಮೈಲೇಜ್ ಎಷ್ಟು, ಪಿಕಪ್ ಹೇಗೆ ಅಂತಲೇ ಕೇಳುತ್ತಾರೆ. ಸಿಗ್ನಲ್ಲಿನಲ್ಲಿ ಸ್ಟಾರ್ಟಲ್ಲೇ ಇರುತ್ತಾ ಎಂದು ಯಾರೂ ಕೇಳುವುದಿಲ್ಲ.

ನನ್ನದು ಇರುವುದಿಲ್ಲ. ಅಪ್ಪನ ಕಾಲದ ಗೇರ್ ಸ್ಕೂಟರು, ಟೂ ಸ್ಟ್ರೋಕು. ಓಡುವಾಗ ರಾಜ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಮೊದಲು ಮೈಮೇಲೆ ಬಂದವರ ಹಾಗೆ ಕೂಗುತ್ತದೆ, ಆಮೇಲೆ ಗೊರಗೊರ ಎನ್ನುತ್ತಾ ಕುಗ್ಗುತ್ತದೆ, ಲೈಟು ಹಸಿರಾಗುವ ಹೊತ್ತಿಗೆ ಸರಿಯಾಗಿ ಆಫ್. ಮೊನ್ನೆ ಟೌನ್ ಹಾಲ್ ಸಿಗ್ನಲ್ಲಿನಲ್ಲಿ ಇದೇ ಕಥೆ. ಕಿಕ್ಕರ್ ಹೊಡೆದೆ. ಗಾಡಿ ವಾಲಿಸಿ ಮತ್ತೆ ಹೊಡೆದೆ. ಹಿಂದಿನ ಆಟೋದವರು "ಚೋಕ್ ಎಳೀರಿ ಸಾರ್" ಎಂದರು. ಪಕ್ಕದ ಬೈಕಿನ ಹುಡುಗ "ಅಂಕಲ್, ಪ್ಲಗ್ ಕ್ಲೀನ್ ಮಾಡ್ಸಿ" ಎಂದ. ಬಸ್ಸಿನ ಕಿಟಕಿಯಿಂದ ಒಬ್ಬರು ಪೆಟ್ರೋಲ್ ಇದೆಯಾ ಎಂದು ವಿಚಾರಿಸಿದರು. ಈ ಊರಲ್ಲಿ ದಾರಿ ಬಿಡುವವರು ಕಡಿಮೆ, ರಿಪೇರಿ ಹೇಳಿಕೊಡುವವರಿಗೆ ಬರವಿಲ್ಲ.

ನಮ್ಮ ಏರಿಯಾದ ಮೆಕ್ಯಾನಿಕ್ ಒಳ್ಳೆಯವರೇ. ಆದರೆ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಬಿಟ್ಟಾಗಲೂ ಇಂಜಿನ್ ಸ್ಟಾರ್ಟಲ್ಲೇ ಇರುವುದು, ಸರಿ ಇಲ್ಲ ಎಂದರೆ ಸಾಕು, ಸ್ಟಾರ್ಟ್ ಮಾಡಿ ರೇಸ್ ಕೊಡುತ್ತಾರೆ. ಬೀದಿಯೆಲ್ಲ ಹೊಗೆ. ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಹೋಗುತ್ತದೆ.

"ಪಿಕಪ್ ನೋಡಿ ಸಾರ್, ಹೆಂಗಿದೆ!"

"ಪಿಕಪ್ ಅಲ್ಲ ಕಣ್ರೀ, ನಿಲ್ಲಿಸಿದಾಗ..."

"ಕೇಳಿ ಸಾರ್, ಕೇಳಿ." ಇನ್ನೊಂದು ರೇಸ್.

ಒಂದು ನಿಮಿಷ ಕೈ ತೆಗೀರಿ ಎಂದೆ. ತೆಗೆದರು. ಸ್ಕೂಟರು ಇನ್ನೇನು ಗೊರಗುಟ್ಟಬೇಕು, ಆ ಕೈ ತಾನಾಗಿಯೇ ಹೋಗಿ ಆಕ್ಸಿಲರೇಟರ್ ತಿರುವಿತು. ನಿದ್ದೆ ಬರಲ್ಲ ಎಂದು ಹೋದವನನ್ನು ಡಾಕ್ಟರು ಮೈದಾನದಲ್ಲಿ ಓಡಿಸಿ "ಚೆನ್ನಾಗೇ ಇದ್ದೀರಲ್ಲ" ಎಂದ ಹಾಗೆ.

ಪ್ಲಗ್ ಬದಲಾಯಿಸಿದರು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿ ಜೆಟ್ ಊದಿದರು. ಐಡ್ಲಿಂಗ್ ಸ್ಕ್ರೂ ಟೈಟ್ ಮಾಡಿದರು. ಈಗ ಗಾಡಿ ಆಫ್ ಆಗುವುದಿಲ್ಲ, ಆದರೆ ಸಿಗ್ನಲ್ಲಿನಲ್ಲಿ ಈ ವಯಸ್ಸಿನಲ್ಲಿ ರೇಸಿಗೆ ಕರೆಯುತ್ತಿದ್ದೇನೆ ಎಂದು ಹುಡುಗರು ತಿರುಗಿ ನೋಡುತ್ತಾರೆ. ಕೊನೆಗೆ ತಪ್ಪು ಪೆಟ್ರೋಲಿನ ಮೇಲೆ ಬಂತು. "20% ಎಥನಾಲ್ ಸಾರ್, ನೀರು ಎಳ್ಕೊಳ್ಳುತ್ತೆ." ಅದೇನೋ ನಿಜವೇ. ಮಹಡಿ ಮನೆಯ ರಿಟೈರ್ಡ್ ಮೇಷ್ಟ್ರು ಇನ್ನೂ ಮೇಲಕ್ಕೆ ಹೋದರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಗಾಳಿ ತೆಳು, ಹಾಗಾಗಿ ಪೆಟ್ರೋಲಿನ ಪಾಲು ಹೆಚ್ಚಾಗುತ್ತದಂತೆ. ಸರಿ ಸ್ವಾಮಿ, ಅಪ್ಪ ಓಡಿಸುವಾಗಲೂ ಊರು ಇಷ್ಟೇ ಎತ್ತರ ಇತ್ತಲ್ವಾ?

ಅಪ್ಪ ಗಾಂಧಿ ಬಜಾರಿನಲ್ಲಿ ಸ್ಟ್ಯಾಂಡ್ ಹಾಕಿ, ಆಫ್ ಮಾಡದೆಯೇ ಹೂವು ತರಲು ಹೋಗುತ್ತಿದ್ದರು. ಮುಂದೆ ನಿಂತ ನನ್ನ ಅಂಗಾಲಿಗೆ ಇಂಜಿನ್ನಿನ ನಡುಕ ಒಂದೇ ಸಮ ತಾಗುತ್ತಿತ್ತು. ಅವರು ಮೊಳ ಹೂವಿಗೆ ಎಷ್ಟೇ ಚೌಕಾಸಿ ಮಾಡಲಿ, ಒಂದು ಬಡಿತವೂ ತಪ್ಪುತ್ತಿರಲಿಲ್ಲ.

ಕೊನೆಗೆ ರೋಗ ಹಿಡಿದವನು ಗ್ಯಾರೇಜಿನ ಹುಡುಗ. ಯಜಮಾನರು ಟೀಗೆ ಹೋಗಿದ್ದರು. ರೇಸ್ ಕೊಡುವವರಿಲ್ಲದೆ ಗಾಡಿ ತನ್ನ ಪಾಡಿಗೆ ಗೊರಗುಟ್ಟುತ್ತಿತ್ತು. ಅವನು ಕಾರ್ಬೊರೇಟರ್ ಇಂಜಿನ್ನಿಗೆ ಕೂರುವ ಜಾಗಕ್ಕೆ ಕ್ಲೀನರ್ ಸ್ಪ್ರೇ ಹೊಡೆದ. ತಕ್ಷಣ ಸದ್ದು ಬದಲಾಯಿತು. "ಪ್ಯಾಕಿಂಗ್ ಹೋಗಿದೆ ಸಾರ್. ಇಲ್ಲಿಂದ ಗಾಳಿ ಎಳೀತಿದೆ." ಪ್ಯಾಕಿಂಗ್ ಎಂದರೆ ಸಂದಿಯಲ್ಲಿ ಗಾಳಿ ನುಗ್ಗದಂತೆ ನಡುವೆ ಕೂರಿಸುವ ತೆಳು ಪಟ್ಟಿ. ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ ಕುಡಿಯುವುದೇ ಚೂರು ಗಾಳಿ, ಅದಕ್ಕೆ ಈ ಕಳ್ಳಗಾಳಿ ಸೇರಿದರೆ ಮಿಕ್ಸ್ಚರ್ ಕೆಡುತ್ತದೆ. ಪೂರ್ತಿ ತಿರುವಿದಾಗ ಒಳಗೆ ಬಿರುಗಾಳಿ, ಇದು ಲೆಕ್ಕಕ್ಕೇ ಇಲ್ಲ. ಅಂದರೆ ರೇಸ್ ಕೊಟ್ಟಷ್ಟು ಹೊತ್ತೂ ರೋಗ ಕಾಣುವುದಿಲ್ಲ! ಇಷ್ಟು ದಿನ ಯಜಮಾನರು ಕೈಯಾರೆ ಅದನ್ನು ಮುಚ್ಚಿಟ್ಟಿದ್ದರು.

ಜೆಸಿ ರೋಡಿನಿಂದ ಪ್ಯಾಕಿಂಗ್ ತಂದುಕೊಟ್ಟೆ. ಇವತ್ತು ಬೆಳಿಗ್ಗೆ ಯಜಮಾನರ ಫೋನು.

"ಗಾಡಿ ರೆಡಿ ಸಾರ್. ಐಡ್ಲಿಂಗ್ ಸೂಪರ್. ಇರಿ, ಕೇಳಿಸ್ತೀನಿ."

ಫೋನಿನಲ್ಲೇ ರೇಸ್ ಕೊಟ್ಟರು.